ಬಾಳಪ್ಪ ಬಿರಡೆ ನೆಲ ಕಾಯ್ದದ್ದು

ಒಬ್ಬಳು ತಾಯಿ, ಅವಳಿಗೊಬ್ಬ ಮಗ. ತಾಯಿ ಶಿವಗಂಗವ್ವನಿಗೆ ಮಂಡಿನೋವು. ಮಗ ಬಾಳಪ್ಪನಿಗೆ ಮೂವತ್ತು ವರ್ಷ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು.

"ಕಲ್ಲುನೆಲದ ತಂಡಿ ಮಂಡಿಗೆ ಏರೇದ. ಮೆತ್ತನ್ನ ನೆಲ ಹಾಕಸ್ರಿ, ಇಲ್ಲಾಂದ್ರ ನಡಿಗಿ ನಿಂತು ಹೋಗ್ತದ" ಅಂದರು ಡಾಕ್ಟರು.

ಮೆತ್ತನ್ನ ನೆಲ ಅಂದರೆ, ಬಾಟಲಿ ಬಾಯಿಗೆ ತುರುಕುವ ಬಿರಡೆ ಇದೆಯಲ್ಲ, ಅದೇ ಮರದ ತೊಗಟೆಯ ಹಲಗೆ. ಅಂಗಡಿಯಲ್ಲಿ ಶಿವಗಂಗವ್ವ ಒಂದೊಂದನ್ನೂ ಹೆಬ್ಬೆರಳಿಂದ ಒತ್ತಿದಳು. ಒತ್ತಿದ ಗುಣಿ ತಾನೇ ತುಂಬಿಕೊಂಡದ್ದನ್ನೇ ಆರಿಸಿ ತಂದಳು.

"ಹಾಸೂಕಿಂತ ಮೊದಲ ಎರಡು ದಿನ ಮನಿಯೊಳಗ ಆರಾಮ ಇರಲಿ, ಇಲ್ಲೀ ಹವಾಕ್ಕ ಹೊಂದ್ಕೋಬೇಕಂತ" ಎಂದು ಮಗನಿಗೆ ಹೇಳಿ ನೀರಿಗೆ ಹೋದಳು. ಬಂದು ನೋಡಿದರೆ ಹಲಗೆಗಳು ಅವಳ ಮಂಚದ ಮೇಲೆ, ಮೇಲೆ ಕೌದಿ. ಬಾಳಪ್ಪ ಬೀಸಣಿಗೆ ಹಿಡಿದು ಕೂತಿದ್ದ.

"ಸಾವಕಾಶ ಮಾತಾಡವ್ವಾ, ಈಗಷ್ಟ ಕಣ್ಣು ಹತ್ಯಾವು."

ತಾಯಿಯ ಕೈಯ ಕೊಡ ಜಾರಿತು. "ನೆಲಲೇ ಅದು, ನಿಮ್ಮಪ್ಪ ಅಲ್ಲ! ಹಾಸಿದ ಮ್ಯಾಲ ನೀರು ಸುರೀಬ್ಯಾಡ, ಹಿಂಡಿದ ಅರಿವೀಲೆ ಒರಸು, ತಿಳೀತಾ?"

ತಿಳಿಯಿತು. ನೆಲ ಹಾಸಿದ್ದಾಯಿತು. ಮರುದಿನ ಸೋದರಮಾವ ಸಂಗನಬಸಪ್ಪ ಬಿಸಿಲಲ್ಲಿ ಬಂದು, ಕಾಲಿಗೆ ನೀರು ಕೇಳಿದ. ಬಾಳಪ್ಪ ಹಿಂಡಿದ ಅರಿವೆ ತಂದು ಮಾವನ ಕಾಲು ಒರೆಸಿದ, ಮೊಣಕಾಲು ಒರೆಸಿದ, ಅದೇ ಅರಿವೆಯಿಂದ ಮುಖವನ್ನೂ ಒರೆಸಿದ.

"ಏನವ್ವ ತಂಗಿ, ನಾ ಬಂದದ್ದು ನಿನಗ ಬ್ಯಾಡಾತೇನು?" ಅಂದ ಮಾವ.

ಶಿವಗಂಗವ್ವನಿಗೆ ಭೂಮಿ ಬಾಯಿಬಿಟ್ಟರೆ ಸಾಕಿತ್ತು. "ಎಲಾ ಬಾಳ್ಯಾ, ಬಂದೋರಿಗೆ ನೀರು ಕೊಡು, ಅರಿವಿ ನೆಲಕ್ಕಿರಲಿ. ಗೀರು ಬಿದ್ದೀತು, ಕಾಲಿದ್ದದ್ದಕ್ಕೆಲ್ಲಾ ಕೆಳಗ ಕಂಬಳಿ ತುಂಡು ಅಂಟಸು."

ಕುರ್ಚಿಗೆ ಅಂಟಿಸಿದ, ಮಂಚಕ್ಕೆ ಅಂಟಿಸಿದ. ಮಂಚದ ಮೇಲೆ ಮಧ್ಯಾಹ್ನದ ನಿದ್ದೆಯಲ್ಲಿದ್ದ ಮಾವನಿಗೂ ಎರಡು ಕಾಲಿದ್ದವಲ್ಲ. ಎದ್ದ ಮಾವ ಅಂಗಾಲಿನ ಕಂಬಳಿ ತುಂಡು ನೋಡಿಕೊಂಡ, ತಂಗಿಯ ಮುಖ ನೋಡಿದ, ಹೊರಟ. ಅವನು ಹೋದ ಸಪ್ಪಳವೂ ಆಗಲಿಲ್ಲ.

ಶಿವಗಂಗವ್ವ ಹಣೆ ಹಣೆ ಬಡಿದುಕೊಂಡಳು. "ಇನ್ನ ನೀ ಏನೂ ಮಾಡಬ್ಯಾಡ ನನ್ನಪ್ಪಾ. ಈ ನೆಲ ಇರೂದು ನನ್ನ ಮಂಡಿ ಸಲುವಾಗಿ. ನಾ ಕಾಲಿಟ್ಟಲ್ಲಿ ಇದು ಇದ್ದರ ಸಾಕು. ಅಷ್ಟ ನೋಡ್ಕೋ."

ಬೀಸಲು ಜೋಳ ಹೊತ್ತು ಗಿರಣಿಗೆ ಹೋದಳು. ಸರತಿ ಉದ್ದವಿತ್ತು. ಹಿಟ್ಟಿನ ಡಬ್ಬಿ ಹಿಡಿದು ಹೊರಗೆ ಬಂದರೆ, ಗಿರಣಿಯ ಮೆಟ್ಟಿಲಿಂದಲೇ ಬೀದಿಯುದ್ದಕ್ಕೂ ಪಾದಗಳು: ಎಡ, ಬಲ, ಎಡ, ಬಲ, ಅವಳದೇ ಅಳತೆಯವು, ಬಿರಡೆಯವು. ಪಾದಗಳ ಬೆನ್ನು ಹತ್ತಿ ಮನೆ ಮುಟ್ಟಿದಳು. ಒಳಗೆ ಬರೀ ಕಲ್ಲು. ಅದರ ಮೇಲೆ ಬಾಳಪ್ಪ, ಕೈಯಲ್ಲಿ ಕತ್ತಿ, ಮುಂದೆ ಅವಳ ಹಳೇ ಚಪ್ಪಲಿ.

"ಅವ್ವಾ, ಗಿರಣಿತನಕ ಆತು, ಗುಡಿತನಕ ಆತು. ಸಂತಿಗೆ ನಾಕು ಹೆಜ್ಜಿ ಕಡಿಮಿ ಬಿದ್ದಾವು. ಅಲ್ಲೊಂದೀಟು ಜಿಗದು ಹೋಗ್ತೀಯೇನು?"