ಪೂಜೆಗೆ ಕೂತ ಆಟಗಾರ

ಫುಟ್‌ಬಾಲ್ ಆಟಗಾರ ಏಳುಮಲೆಯನ್ನು ಬೇರೆ ತಂಡದವರು ಕರೆದಿದ್ದರು. ಕ್ಲಬ್ಬಿನ ಅಧ್ಯಕ್ಷರು ಬಿಡಲಿಲ್ಲ. "ನೀನು ಕ್ಲಬ್ಬಿನ ಸೊತ್ತು. ಇಲ್ಲೇ ಬಿದ್ದಿರು" ಎಂದರು.

ಹುಲ್ಲು ಕತ್ತರಿಸುತ್ತಿದ್ದ ಮುದುಕ ಮಾಲಿಗೆ ಅವನ ಸಪ್ಪೆ ಮುಖ ನೋಡಲಾಗಲಿಲ್ಲ.

ಆಯುಧಪೂಜೆಯ ದಿನ ಅಧ್ಯಕ್ಷರು ನೆಂಟರಿಷ್ಟರ ಜೊತೆ ಆರತಿ ಎತ್ತಲು ಬಂದರು. ಚೆಂಡು, ಬಲೆ, ಹುಲ್ಲಿನ ಮಿಷನ್ನಿನ ಸಾಲಿನಲ್ಲಿ ಏಳುಮಲೆಯೂ ಮಾಲಿಯ ಕೈಯಿಂದ ಹಾರ ಹಾಕಿಸಿಕೊಂಡು, ಮೊಣಕಾಲಿಗೆಲ್ಲ ಕುಂಕುಮ ಹಚ್ಚಿಸಿಕೊಂಡು ಕೂತಿದ್ದ.

"ಏನಯ್ಯಾ ಇದು?"

"ಕ್ಲಬ್ಬಿನ ಸೊತ್ತು ಅಂತ ತಾವೇ ಹೇಳಿದ್ರಲ್ಲ ಸ್ವಾಮಿ. ಆರತಿ ಎತ್ತಿ, ಆಮೇಲೆ ಅಡ್ಡ ಬೀಳಿ" ಎಂದ ಮಾಲಿ.

ನೆಂಟರು ನಗು ತಡೆಯಲಾಗದೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಅಧ್ಯಕ್ಷರು ಆರತಿ ತಟ್ಟೆ ಕೆಳಗಿಟ್ಟರು. "ಎದ್ದೇಳಪ್ಪ. ಎಲ್ಲಿ ಬೇಕೋ ಅಲ್ಲಿ ಆಡಿಕೋ ಹೋಗು."

ಈಗಲೂ ಪ್ರತಿ ಆಯುಧಪೂಜೆಗೆ ಏಳುಮಲೆ ಹಾರ ಹಿಡಿದು ಬರುತ್ತಾನೆ. ಕಣ್ಣು ತುಂಬಿಕೊಂಡು ಮಾಲಿಯ ಕೊರಳಿಗೆ ಹಾಕಹೋದರೆ ಮುದುಕ ಕೈ ಹಿಡಿಯುತ್ತಾನೆ.

"ಮಿಷನ್ನಿಗೆ ಹಾಕಪ್ಪ. ನಾನು ಕ್ಲಬ್ಬಿನ ಸೊತ್ತಲ್ಲ."