ಗೋಲು ಹೊಡೆದ ಮೇಲೆ ಎತ್ತ ಓಡುವುದು

"ಬುದ್ಧೀ, ಹೇಗಿದ್ದರೂ ಒಂದು ದಿನ ಬಿಟ್ಟು ಹೋಗಬೇಕಾದ ಊರಿನಲ್ಲಿ ಮನಸ್ಸು ಇಡುವುದು ದಡ್ಡತನವಲ್ಲವೆ?" ಎಂದು ಗುರುಮಲ್ಲ ಕೇಳಿದ.

ಅವನು ಚಿಕ್ಕಂದಿನಲ್ಲೇ ಮಠಕ್ಕೆ ಬಂದವನು. ಇಲ್ಲೇ ಉಂಡು, ಇಲ್ಲೇ ಓದಿ, ಮಠದ ಶಾಲೆಯಲ್ಲೇ ಮೇಷ್ಟ್ರಾಗಿದ್ದ. ದೂರದ ಊರಿನ ಶಾಖಾಮಠದ ಶಾಲೆಯನ್ನು ಇನ್ನು ಅವನೇ ಹೋಗಿ ನೋಡಿಕೊಳ್ಳಬೇಕೆಂದು ಗುರುಗಳು ಅಪ್ಪಣೆ ಕೊಟ್ಟಿದ್ದರು. ಅಪ್ಪಣೆಯಾದ ದಿನದಿಂದ ಗುರುಮಲ್ಲ ಪಂಕ್ತಿಯಲ್ಲಿ ಊಟಕ್ಕೆ ಕೂರುವುದನ್ನು ಬಿಟ್ಟಿದ್ದ. ಮಕ್ಕಳು ಮಾತಾಡಿಸಿದರೆ ಹೂಂ ಅಂದು ಮುಂದಕ್ಕೆ ಹೋಗುತ್ತಿದ್ದ. ಈಗಲೇ ಬಿಡುವುದನ್ನು ರೂಢಿ ಮಾಡಿಕೊಂಡರೆ ಹೊರಡುವ ದಿನ ಹಗುರವಾಗುತ್ತದೆ ಎಂದು ಅವನ ಎಣಿಕೆ.

ಗುರುಗಳು ಅವನ ಮುಖ ನೋಡಿದರು. "ಓಹೋ, ಅದಕ್ಕೇ ಏನು ಎರಡು ಹೊತ್ತೂ ಕೋಣೆಯಲ್ಲಿ ಒಬ್ಬನೇ ಉಣ್ಣುತ್ತಿರುವುದು? ಅದನ್ನು ವೈರಾಗ್ಯ ಅಂದುಕೊಂಡಿದ್ದೀಯ? ಕೂತುಕೋ. ಒಬ್ಬ ಫುಟ್‌ಬಾಲ್ ಆಟಗಾರನ ಕತೆ ಹೇಳುತ್ತೇನೆ."

ಗುರುಮಲ್ಲನಿಗೆ ನಗು ಬಂತು. ಗುರುಗಳು ಪೂರ್ವಾಶ್ರಮದಲ್ಲಿ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಗೋಲು ಕಾಯುವ ಗೋಲಿಯಾಗಿದ್ದವರು. ಅವರ ಮೂಗು ಒಂದು ಕಡೆಗೆ ವಾಲಿರುವುದು ಆ ಕಾಲದ ಪ್ರಸಾದವೆಂದು ಮಠದಲ್ಲಿ ಎಲ್ಲರಿಗೂ ಗೊತ್ತಿತ್ತು. "ನಗು, ನಗು," ಎಂದು ಗುರುಗಳು ಕತೆ ಶುರುಮಾಡಿದರು.

ಗ್ರೀಸ್ ದೇಶದ ಕಡಲಂಚಿನ ಒಂದು ಊರಿನಲ್ಲಿ ಅರ್ಗೀರಿಸ್ ಎಂಬ ಆಟಗಾರನಿದ್ದ. ಅಪ್ಪ ಮೀನಿನ ಬಲೆ ಹೆಣೆಯುವವನು. ಮಗ ಸ್ಟ್ರೈಕರ್. ಸ್ಟ್ರೈಕರ್ ಅಂದರೆ ಯಾರು? ಉಳಿದವರೆಲ್ಲ ಬೆವರು ಸುರಿಸಿ ಚೆಂಡನ್ನು ಮುಂದಕ್ಕೆ ತರುತ್ತಾರೆ, ಈ ಮಹಾರಾಯ ಕೊನೆಯಲ್ಲಿ ಅದನ್ನು ಬಲೆಗೆ ಹೊಡೆಯಬೇಕು. ಹೊಡೆದರೆ ಹೆಗಲ ಮೇಲೆ ಹೊತ್ತು ಮೆರೆಸುತ್ತಾರೆ. ಹೊಡೆಯದಿದ್ದರೆ ಅವನ ವಂಶವನ್ನೆಲ್ಲ ಜಾಲಾಡುತ್ತಾರೆ. ಗೋಲಿಯಾಗಿದ್ದ ನನಗೆ ಈ ಸ್ಟ್ರೈಕರುಗಳನ್ನು ಕಂಡರೆ ಅಷ್ಟಕ್ಕಷ್ಟೆ. ಆದರೆ ಇವನೊಬ್ಬನ ಮೇಲೆ ನನಗೆ ಪ್ರೀತಿ.

ಹಾಲೆಂಡ್ ದೇಶದ ಒಂದು ಸಣ್ಣ ಊರಿನ ಕ್ಲಬ್ಬು ಅವನನ್ನು ಕರೆಸಿಕೊಂಡಿತು. ಆ ಕ್ಲಬ್ಬಿನಲ್ಲಿ ಒಂದು ಪದ್ಧತಿಯಿತ್ತು. ಹೊರದೇಶದಿಂದ ಬಂದ ಎಳೆಯ ಆಟಗಾರರನ್ನು ಊರಿನವರ ಮನೆಗಳಲ್ಲೇ ಇರಿಸುತ್ತಿದ್ದರು. ಅರ್ಗೀರಿಸ್‌ನನ್ನು ಹೆನ್ನಿ ಎಂಬ ವಿಧವೆಯ ಮನೆಗೆ ಕಳಿಸಿದರು. ಅವಳಿಗೆ ಇವನ ಭಾಷೆ ಬಾರದು, ಇವನಿಗೆ ಅವಳ ಭಾಷೆ ಬಾರದು. ಅವಳು ಬಟಾಣಿಯ ಸೂಪು ಮಾಡುತ್ತಿದ್ದಳು. ಸೂಪು ಅಂದರೆ ಕುಡಿಯುವಂಥದ್ದಲ್ಲ, ಚಮಚ ಊರಿದರೆ ಹಾಗೇ ನಿಲ್ಲುವಷ್ಟು ಗಟ್ಟಿ. ಅದನ್ನು ಇವನ ಮುಂದೆ ಇಟ್ಟು, ಬಟ್ಟಲು ಖಾಲಿಯಾಗುವ ತನಕ ಸೊಂಟಕ್ಕೆ ಕೈ ಕೊಟ್ಟು ನಿಂತಿರುತ್ತಿದ್ದಳು. ಉಳಿಸಿ ಏಳುವ ಧೈರ್ಯ ಅವನಿಗೆ ಬರಲಿಲ್ಲ.

ಪ್ರತಿ ಆಟಕ್ಕೂ ಹೆನ್ನಿ ಹೋಗುತ್ತಿದ್ದಳು. ಗೋಲಿನ ಹಿಂದಿನ ಸಾಲಿನಲ್ಲಿ ಅವಳದೊಂದು ಕಾಯಂ ಜಾಗ. ಕತ್ತಿಗೆ ಕ್ಲಬ್ಬಿನ ನೀಲಿ ಮಫ್ಲರ್. ಅವಳ ಗಂಡ ಇದ್ದಾಗಲೂ ಅದೇ ಜಾಗ, ಅವನು ಹೋದ ಮೇಲೂ ಅದೇ ಜಾಗ.

ಅರ್ಗೀರಿಸ್‌ಗೆ ಎಷ್ಟು ದಿನವಾದರೂ ಗೋಲು ಬೀಳಲಿಲ್ಲ. ಚೆಂಡು ಕಂಬಕ್ಕೆ ಬಡಿಯಿತು, ಗೋಲಿಯ ಮಡಿಲಿಗೆ ಹೋಯಿತು, ಒಮ್ಮೆ ನೋಡಲು ಬಂದವನೊಬ್ಬನ ಕಾಫಿ ಲೋಟವನ್ನೂ ಉರುಳಿಸಿತು. ಜನ ಗೊಣಗಿದರು. ಇಂಥವನನ್ನು ಯಾಕೆ ತಂದಿರಿ ಎಂದು ಕೂಗಿದರು. ಅವನು ತಲೆ ತಗ್ಗಿಸಿಕೊಂಡು ಮನೆಗೆ ಬಂದರೆ ಹೆನ್ನಿ ಏನೂ ಕೇಳುತ್ತಿರಲಿಲ್ಲ. ಬಟ್ಟಲು ತಂದು ಮುಂದಿಡುತ್ತಿದ್ದಳು, ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಿದ್ದಳು. ಅವನಿಗೆ ಅಮ್ಮನ ನೆನಪಾಗಿ ಸೂಪಿನ ಜೊತೆ ಅಳುವನ್ನೂ ನುಂಗುತ್ತಿದ್ದ.

ಕೊನೆಗೊಂದು ದಿನ ಗೋಲು ಬಿತ್ತು. ಅಬ್ಬಾ, ಆ ಖುಷಿ! ಗೋಲು ಹೊಡೆದವನಿಗೆ ಸುಮ್ಮನೆ ನಿಲ್ಲಲಾಗುವುದಿಲ್ಲ, ಎತ್ತಲಾದರೂ ಓಡಲೇಬೇಕು. ಎತ್ತ ಓಡುವುದು? ಸುತ್ತ ನೋಡಿದ. ಎಲ್ಲ ಗುರುತಿಲ್ಲದ ಮುಖಗಳು. ಗೋಲಿನ ಹಿಂದೆ ಒಂದು ನೀಲಿ ಮಫ್ಲರ್ ಗಾಳಿಯಲ್ಲಿ ಗಿರಗಿರ ತಿರುಗುತ್ತಿತ್ತು. ನೇರ ಅಲ್ಲಿಗೆ ಓಡಿದ. ಬೇಲಿಯ ಈಚೆ ಇವನು, ಆಚೆ ಹೆನ್ನಿ. ಇಬ್ಬರೂ ಹುಚ್ಚರ ಹಾಗೆ ಕುಣಿದರು. ಅಂದಿನಿಂದ ಯಾವ ಮೂಲೆಯಿಂದ ಗೋಲು ಹೊಡೆದರೂ ಅವನ ಕಾಲು ಓಡುತ್ತಿದ್ದುದು ಆ ನೀಲಿ ಮಫ್ಲರಿನ ಕಡೆಗೇ.

ಗೋಲು ಬೀಳತೊಡಗಿದರೆ ದೊಡ್ಡ ಕ್ಲಬ್ಬುಗಳ ಕಣ್ಣು ಬೀಳದಿರುತ್ತದೆಯೆ? ಜರ್ಮನಿಯಿಂದ ಕರೆ ಬಂತು. ಹೊರಡುವ ದಿನ ಹೆನ್ನಿ ಬಾಗಿಲಲ್ಲಿ ನಿಂತು, ಹೋಗು ಹೋಗು ಎಂದು ಕೈಯಲ್ಲೇ ಗದರಿಸಿ ಕಳಿಸಿದಳು. ಆಮೇಲೆ ಮುಖ ತಿರುಗಿಸಿಕೊಂಡಳು. ಕಾರಿನಲ್ಲಿ ಅರ್ಗೀರಿಸ್ ಬಿಕ್ಕಿ ಬಿಕ್ಕಿ ಅತ್ತ. ಆಟಗಾರರಿಗೆ ಕ್ಲಬ್ಬು ಕುದುರಿಸುವ ಏಜೆಂಟ್ ಪಕ್ಕದಲ್ಲಿ ಕೂತಿದ್ದ. ಕೆಟ್ಟವನೇನಲ್ಲ, ಹತ್ತಾರು ಆಟಗಾರರ ಅಳು ಕಂಡವನು. "ನೋಡಪ್ಪ, ನಿನ್ನನ್ನು ಕರೆಸಿಕೊಳ್ಳುವುದು ಕಾಲಿಗೆ. ಕಾಲು ಕೊಡು, ಮನಸ್ಸು ಕೊಡಬೇಡ. ಆಗ ಯಾವ ಊರು ಬಿಟ್ಟರೂ ನೋವಾಗುವುದಿಲ್ಲ," ಎಂದ.

ಈ ಮಾತು ಅರ್ಗೀರಿಸ್‌ಗೆ ನಾಟಿತು. ನಿನಗೂ ನಾಟುತ್ತಿತ್ತು, ಅಲ್ಲವೆ ಗುರುಮಲ್ಲ?

ಜರ್ಮನಿಯಲ್ಲಿ ಅವನು ಒಂದು ಮನೆ ಹಿಡಿದು ಒಬ್ಬನೇ ಇದ್ದ. ಪೆಟ್ಟಿಗೆಯಿಂದ ಬೇಕಾದ ಬಟ್ಟೆ ತೆಗೆದು ಮತ್ತೆ ಪೆಟ್ಟಿಗೆಯಲ್ಲೇ ಇಡುತ್ತಿದ್ದ. ಪಕ್ಕದ ಮನೆಯವರ ಹೆಸರು ಕೇಳಲಿಲ್ಲ. ಜೊತೆಯ ಆಟಗಾರರು ಊಟಕ್ಕೆ ಕರೆದರೆ ತಲೆನೋವು ಅನ್ನುತ್ತಿದ್ದ. ಕೆಲವು ಸಲ ಕರೆದರು, ಆಮೇಲೆ ಬಿಟ್ಟರು. ಆದರೆ ಗೋಲುಗಳಿಗೇನೂ ಬರವಿರಲಿಲ್ಲ. ಹೊಡೆದೇ ಹೊಡೆದ. ಹೊಡೆದ ಮೇಲೆ ಎತ್ತ ಓಡುವುದು? ಅಲ್ಲಿ ದೊಡ್ಡ ಕ್ಯಾಮೆರಾ ಇರುತ್ತಿತ್ತು. ಅದರ ಮುಂದೆ ಹೋಗಿ ಕುಣಿಯುತ್ತಿದ್ದ. ಟೀವಿಯಲ್ಲಿ ನೋಡಿದ ಅಪ್ಪ ಒಮ್ಮೆ ಫೋನಿನಲ್ಲಿ ಕೇಳಿದ, ಯಾರನ್ನು ನೋಡಿ ಕುಣಿಯುತ್ತೀಯ ಮಗನೇ ಎಂದು. ಅರ್ಗೀರಿಸ್ ಮಾತು ತೇಲಿಸಿಬಿಟ್ಟ.

ಜರ್ಮನಿ ಬಿಟ್ಟ ದಿನ ಬಾಗಿಲಲ್ಲಿ ಯಾರೂ ನಿಂತಿರಲಿಲ್ಲ. ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಭಲೇ, ವಿದ್ಯೆ ಕೈಗೆ ಬಂತು ಅಂದುಕೊಂಡ. ಆಮೇಲೆ ಬೆಲ್ಜಿಯಂ, ಆಮೇಲೆ ಟರ್ಕಿ, ಆಮೇಲೆ ಇನ್ನೊಂದು. ಎಲ್ಲ ಕಡೆಯೂ ಕಾಲು ಕೊಟ್ಟ, ಬಂದ. ಹೆನ್ನಿಯ ನೆನಪು ಬಂದಾಗಲೆಲ್ಲ ಫೋನು ಕೈಗೆ ತೆಗೆದುಕೊಂಡು ಮತ್ತೆ ಕೆಳಗಿಡುತ್ತಿದ್ದ. ಮೊದಮೊದಲು ನೋವಾದೀತೆಂದು ಮಾಡಲಿಲ್ಲ. ವರ್ಷ ಕಳೆದ ಮೇಲೆ ನಾಚಿಕೆಯಿಂದ ಮಾಡಲಿಲ್ಲ. ಇಷ್ಟು ದಿನ ಸುಮ್ಮನಿದ್ದು ಈಗ ಯಾವ ಬಾಯಲ್ಲಿ ಮಾತಾಡಲಿ ಎಂದು.

ಕಾಲಿಗೂ ವಯಸ್ಸಾಗುತ್ತದೆ. ಮಂಡಿ ನೋಯತೊಡಗಿತು, ದೊಡ್ಡ ಕ್ಲಬ್ಬುಗಳು ಮರೆತವು. ಕಡೆಗೆ ಮತ್ತೆ ಹಾಲೆಂಡಿನ ಒಂದು ಸಣ್ಣ ಕ್ಲಬ್ಬು ಅವನನ್ನು ತೆಗೆದುಕೊಂಡಿತು. ಹೆನ್ನಿಯ ಊರಿಗೆ ಅದು ನೆರೆಯೂರು. ಬಸ್ಸು ಹತ್ತಿದರೆ ಹೋಗಿ ಬರಬಹುದಿತ್ತು. ಅವನು ಹತ್ತಲಿಲ್ಲ.

ಅವನು ಹತ್ತದಿದ್ದರೇನು, ಆಟವೇ ಅವನನ್ನು ಎಳೆದುಕೊಂಡು ಹೋಯಿತು. ಆ ವರ್ಷದ ಕೊನೆಯ ಆಟ ಹೆನ್ನಿಯ ಊರಿನಲ್ಲೇ ಬಿತ್ತು. ಎರಡು ತಂಡಗಳೂ ಅಂಕಪಟ್ಟಿಯ ತಳದಲ್ಲಿದ್ದವು. ಅರ್ಗೀರಿಸ್‌ನ ತಂಡ ಗೆದ್ದರೆ ಹೆನ್ನಿಯ ತಂಡ ಕೆಳಗಿನ ದರ್ಜೆಗೆ ಇಳಿಯಬೇಕು. ಗೆಲ್ಲದಿದ್ದರೆ ಅವನ ತಂಡವೇ ಇಳಿಯಬೇಕು. ಇಳಿದ ಕ್ಲಬ್ಬು ಮತ್ತೆ ಮೇಲೆ ಬರಲು ಎಷ್ಟು ವರ್ಷವಾದೀತೋ, ಹೆನ್ನಿಯ ವಯಸ್ಸಿನವಳು ಅದನ್ನು ಕಂಡಾಳೋ ಇಲ್ಲವೋ. ಅರ್ಗೀರಿಸ್ ಮೈದಾನಕ್ಕೆ ಇಳಿದವನೇ ಗೋಲಿನ ಹಿಂದೆ ನೋಡಿದ. ಅದೇ ಜಾಗ. ಅದೇ ಮಫ್ಲರ್, ಬಣ್ಣ ಮಾಸಿತ್ತು. ಅವಳು ಪೂರ್ತಿ ಮುದುಕಿಯಾಗಿದ್ದಳು. ಅವನು ತಟ್ಟನೆ ಮುಖ ಬೇರೆ ಕಡೆ ತಿರುಗಿಸಿದ.

ಇಲ್ಲಿ ನಿನಗೆ ಆಟಗಾರರ ಒಂದು ರೂಢಿ ಹೇಳಬೇಕು. ಹಳೆಯ ಕ್ಲಬ್ಬಿನ ಮೇಲೆ ಗೋಲು ಹೊಡೆದವನು ಕುಣಿಯುವುದಿಲ್ಲ. ಎರಡು ಅಂಗೈ ಎತ್ತಿ ತೋರಿಸಿ ಸುಮ್ಮನೆ ನಿಲ್ಲುತ್ತಾನೆ, ನಾವು ಕೈ ಮುಗಿಯುವುದಿಲ್ಲವೆ, ಹಾಗೆ. ನಿಮ್ಮ ಅನ್ನ ತಿಂದಿದ್ದೇನೆ, ತಪ್ಪು ತಿಳಿಯಬೇಡಿ ಎಂದು. ಹೀಗೆ ಮಾಡಲೇಬೇಕೆಂದು ಯಾರೂ ಹೇಳುವುದಿಲ್ಲ. ಅನ್ನಿಸಿದವನು ಮಾಡುತ್ತಾನೆ, ಅನ್ನಿಸದವನು ಕುಣಿಯುತ್ತಾನೆ.

ಆಟ ಮುಗಿಯುತ್ತಾ ಬಂದರೂ ಎರಡು ಕಡೆಯೂ ಗೋಲಿಲ್ಲ. ಆಗ ಚೆಂಡು ಅರ್ಗೀರಿಸ್‌ನ ಕಾಲಿಗೆ ಬಂತು. ಮುಂದೆ ಗೋಲಿ ಒಬ್ಬನೇ. ಗೋಲಿಯ ಹಿಂದೆ ಬಲೆ, ಬಲೆಯ ಹಿಂದೆ ಹೆನ್ನಿ. ಬೇಕೆಂದೇ ಪಕ್ಕಕ್ಕೆ ಹೊಡೆಯಬಹುದಿತ್ತು. ನೋಯುವ ಮಂಡಿಯ ಮೇಲೆ ತಪ್ಪು ಹಾಕಿದ್ದರೆ ಯಾರೂ ಅನುಮಾನಪಡುತ್ತಿರಲಿಲ್ಲ. ಆದರೆ ಆ ಚೆಂಡನ್ನು ಅಲ್ಲಿಯ ತನಕ ತಂದವರಿದ್ದರಲ್ಲ, ಅವರ ಬೆವರಿಗೆ ಏನು ಹೇಳುವುದು? ಹೊಡೆದ. ಗೋಲು.

ಹೊಡೆದವನ ಕಾಲು ಓಡತೊಡಗಿತು. ಕ್ಯಾಮೆರಾದ ಕಡೆಗಲ್ಲ. ಅಷ್ಟು ವರ್ಷ, ಅಷ್ಟು ದೇಶ ಸುತ್ತಿ ಬಂದ ಕಾಲು ಯಾರ ಅಪ್ಪಣೆಯನ್ನೂ ಕಾಯದೆ ನೀಲಿ ಮಫ್ಲರಿನ ಕಡೆಗೆ ಓಡಿತು! ಅರ್ಧ ದಾರಿಯಲ್ಲಿ ಅವನಿಗೆ ಎಚ್ಚರವಾಯಿತು. ಅಯ್ಯೋ, ನಾನು ಗೋಲು ಹೊಡೆದದ್ದು ಅವಳ ಮೇಲೆಯೇ ಅಲ್ಲವೆ? ಗಕ್ಕನೆ ನಿಂತ. ಎರಡು ಅಂಗೈ ಎತ್ತಿದ. ಜೊತೆಯವರು ಬಂದು ತಬ್ಬಿಕೊಂಡರು, ಅವರನ್ನು ಮೆಲ್ಲನೆ ಸರಿಸಿದ. ಬೈದರೆ ಬೈಯಲಿ, ಉಗಿದರೆ ಉಗಿಯಲಿ ಎಂದು ತಲೆ ಎತ್ತಿದ.

ಹೆನ್ನಿ ಅಳುತ್ತಿದ್ದಳು. ಅವಳ ತಂಡ ಇನ್ನು ಇಳಿದಂತೆಯೇ, ಗಂಡನ ಜೊತೆ ಕೂತು ನೋಡಿದ್ದ ತಂಡ. ಕಣ್ಣೀರು ಒರೆಸಿಕೊಳ್ಳದೆ ಕೋಲೂರಿ ಎದ್ದು ನಿಂತಳು. ಕತ್ತಿನ ಮಫ್ಲರ್ ಬಿಚ್ಚಿ ಬೀಸತೊಡಗಿದಳು. ಪಕ್ಕದವರು ದುರುಗುಟ್ಟಿ ನೋಡಿದರು. ಅವಳು ಕ್ಯಾರೇ ಅನ್ನಲಿಲ್ಲ. ಅಳುತ್ತಲೇ ಬೀಸಿದಳು.

ಆಟ ಮುಗಿದು ಅವನು ಹೊರಗೆ ಬಂದರೆ ಗೇಟಿನ ಹತ್ತಿರ ಕೋಲೂರಿಕೊಂಡು ನಿಂತಿದ್ದಳು. ಅವನು ಹತ್ತಿರ ಬಂದವನೇ ಬೆನ್ನಿಗೆ ಒಂದು ಗುದ್ದು ಕೊಟ್ಟಳು. "ಹಾಳಾದವನೇ, ನಮ್ಮ ಮೇಲೇ ಹೊಡೆಯಬೇಕಿತ್ತೇನೋ?" ಎಂದಳು. ಆಮೇಲೆ ಅವನ ಕೆನ್ನೆ ಮುಟ್ಟಿ ನೋಡಿ, "ಎಷ್ಟು ಸೊರಗಿದ್ದೀಯ. ನಡಿ ಮನೆಗೆ, ಸೂಪು ಮಾಡಿಟ್ಟೇ ಬಂದಿದ್ದೇನೆ," ಎಂದಳು.

ಸೋಲುತ್ತೇವೋ ಗೆಲ್ಲುತ್ತೇವೋ ಅವಳಿಗೆ ಗೊತ್ತಿರಲಿಲ್ಲ. ಸೂಪು ಮಾತ್ರ ಮಾಡಿಟ್ಟು ಬಂದಿದ್ದಳು. ಮನೆಯಲ್ಲಿ ಅವಳು ಸೊಂಟಕ್ಕೆ ಕೈ ಕೊಟ್ಟು ನಿಂತಳು, ಅವನು ಮಗುವಿನ ಹಾಗೆ ಅಳುತ್ತಾ ಬಟ್ಟಲು ಖಾಲಿ ಮಾಡಿದ.

ಗುರುಗಳು ಕತೆ ನಿಲ್ಲಿಸಿ ಶಲ್ಯದ ತುದಿಯಿಂದ ತಮ್ಮ ವಾಲಿದ ಮೂಗನ್ನು ಒರೆಸಿಕೊಂಡರು. ಗುರುಮಲ್ಲನ ಕಣ್ಣೂ ತುಂಬಿತ್ತು. ಆದರೂ ಅವನ ಪ್ರಶ್ನೆ ಅವನನ್ನು ಬಿಟ್ಟಿರಲಿಲ್ಲ.

"ಬುದ್ಧೀ, ಆ ಜರ್ಮನಿಯ ಕ್ಲಬ್ಬಿನ ಮೇಲೆ ಅವನು ಎಂದೂ ಗೋಲು ಹೊಡೆಯಲಿಲ್ಲವೆ?"

"ಯಾಕೆ ಹೊಡೆಯಲಿಲ್ಲ? ಬೆಲ್ಜಿಯಂ ತಂಡದಲ್ಲಿದ್ದಾಗ ಅಲ್ಲಿಗೇ ಹೋಗಿ ಹೊಡೆದ. ಕ್ಯಾಮೆರಾದ ಮುಂದೆ ಚೆನ್ನಾಗಿ ಕುಣಿದ. ಅಲ್ಲಿಯವರು ಯಾರೂ ಬೇಸರ ಮಾಡಿಕೊಳ್ಳಲಿಲ್ಲ."

"ಹಾಗಾದರೆ ಏಜೆಂಟ್ ಹೇಳಿದ್ದು ನಿಜವೇ ಆಯಿತಲ್ಲ. ಅಲ್ಲಿ ಅವನಿಗೆ ನೋವಾಗಲಿಲ್ಲ."

ಗುರುಗಳು ಅವನ ತಲೆಯ ಮೇಲೆ ಕೈ ಇಟ್ಟರು.

"ನೋವಾಗಲು ಅಲ್ಲಿ ಅವನು ಇದ್ದದ್ದು ಯಾವಾಗ, ಮಗು?"

ಅಂದು ರಾತ್ರಿ ಗುರುಮಲ್ಲ ಊಟಕ್ಕೆ ಪಂಕ್ತಿಯಲ್ಲಿ ಮಕ್ಕಳ ನಡುವೆ ಬಂದು ಕೂತ.