ಬಾವಿಗೆ ಇಳಿದವನ ಹಗ್ಗ

ನಾಡಿನ ಸಭೆಯಲ್ಲಿ ಸದಸ್ಯನಾಗಿದ್ದ ಶಿಷ್ಯನೊಬ್ಬ ಗುರುಗಳ ಬಳಿಗೆ ಬಂದು ಕೇಳಿದ:

"ಗುರುಗಳೇ, ಸರ್ಕಾರದ ಸಾಲದ ಮಿತಿ ಏರಿಸಲು ನಾಳೆ ಕಡೆಯ ದಿನ. ನಮ್ಮ ಪಕ್ಷ ಒಪ್ಪದಿದ್ದರೆ ಅದು ಏರುವುದಿಲ್ಲ. ಏರದಿದ್ದರೆ ಸಿಪಾಯಿಗೆ ಸಂಬಳವಿಲ್ಲ, ಮುದುಕರಿಗೆ ಪಿಂಚಣಿಯಿಲ್ಲ. ಆ ಖರ್ಚಿಗೆಲ್ಲ ಹಿಂದೆ ನಾವೂ ಒಪ್ಪಿದ್ದೆವು, ನಿಜ. ಆದರೆ ಕಡೆಯ ಗಳಿಗೆಯವರೆಗೆ ಪಟ್ಟು ಹಿಡಿದರೆ ಆಳುವವರು ನಮ್ಮ ಮಾತಿಗೆ ಮಣಿಯುತ್ತಾರೆ. ಹಿಡಿಯುವುದರಲ್ಲಿ ತಪ್ಪೇನು?"

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನ ಮೂಡಣ ಕೇರಿಗೂ ಪಡುವಣ ಕೇರಿಗೂ ಒಂದೇ ಬಾವಿ. ಬೇಸಿಗೆಯಲ್ಲಿ ಅದರ ಹೂಳು ತೆಗೆಸುತ್ತಿದ್ದರು. ತೆಗೆಯುವವನು ಹಗ್ಗ ಹಿಡಿದು ಇಳಿಯುತ್ತಿದ್ದ. ತನ್ನ ಕಾಲ ಕೆಳಗಿನ ಮಣ್ಣನ್ನೇ ಬಗೆದು ಬುಟ್ಟಿಗೆ ತುಂಬುವ ಕೆಲಸ ಅದು. ಅಗೆದಷ್ಟೂ ತಳ ಕೆಳಗೆ ಹೋಗಿ, ಹಗ್ಗ ಕೈಗೆ ಎಟುಕದಾಗುತ್ತಿತ್ತು. ಆಗ ದಡದಲ್ಲಿರುವವರು ಇನ್ನೊಂದು ಹಗ್ಗ ಸೇರಿಸಿ ಗಂಟು ಹಾಕಬೇಕು. ಆ ಗಂಟಿಗೆ ಎರಡೂ ಕೇರಿಯ ಯಜಮಾನರು ಕೈ ಹಾಕಬೇಕೆಂಬುದು ಪದ್ಧತಿ.

ಆ ವರ್ಷ, ನೀರಿನ ಸೆಲೆ ಸಿಗುವವರೆಗೆ ಅಗೆ ಎಂದು ಇಬ್ಬರು ಯಜಮಾನರೂ ಒಟ್ಟಿಗೇ ಹೇಳಿದ್ದರು. ಅವನು ಅಗೆದ. ಸೆಲೆ ಒಡೆಯಿತು. ಅದರ ರಭಸಕ್ಕೆ ಪಕ್ಕದ ಮಣ್ಣು ಕುಸಿಯತೊಡಗಿತು. ಹಗ್ಗದ ತುದಿ ಅವನ ಕೈಗೆ ಸಿಗದ ಎತ್ತರದಲ್ಲಿತ್ತು.

ಮೂಡಣ ಕೇರಿಯ ಯಜಮಾನ ಕೈಕಟ್ಟಿ ನಿಂತ. "ವರ್ಷಾ ವರ್ಷಾ ಇದೇ ಆಯ್ತು, ಇನ್ನಷ್ಟು ಹಗ್ಗ, ಇನ್ನಷ್ಟು ಹಗ್ಗ! ಮುಂಜಾನೆ ನೀರು ನಮ್ಮ ಕೇರಿಗೆ, ಸಂಜೆದು ನಿಮಗೆ ಅಂತ ಮಾತು ಕೊಡು. ಆಮೇಲೆ ಗಂಟು."

"ಕೊಡಲ್ಲ ಹೋಗು," ಎಂದ ಪಡುವಣ ಕೇರಿಯವನು. "ಅವನಿಗೇನಾದ್ರೂ ಆದ್ರೆ ಊರು ಉಗಿಯೋದು ನಿನ್ನ ಮುಖಕ್ಕೆ."

ಇಬ್ಬರೂ ಒಬ್ಬರನ್ನೊಬ್ಬರು ದಿಟ್ಟಿಸುತ್ತ ನಿಂತರು. ಎದುರಿನವನು ಹೆದರಿಯೇ ಹೆದರುತ್ತಾನೆಂದು ಇಬ್ಬರಿಗೂ ನಂಬಿಕೆ. ಸುತ್ತ ಸೇರಿದವರು ಯಾರು ಮೊದಲು ಸೋಲುತ್ತಾರೆಂದು ಬಾಜಿ ಕಟ್ಟಿದರು. ಥೂ, ಎಂಥ ಜನ! ಬಾವಿಯೊಳಗೆ ಬಗ್ಗಿ ನೋಡಿದವರು ಒಬ್ಬರೂ ಇಲ್ಲ.

ಕೆಳಗಿನಿಂದ ಕೂಗು ಬಂತು. ಅವನು ಅಂಗಲಾಚಲಿಲ್ಲ.

"ಇಳಿ ಅಂದೋರು ನೀವಿಬ್ರೂ! ಹಗ್ಗ ಕೊಡೋದು ನನಗೆ ಮಾಡೋ ಉಪಕಾರ ಅಲ್ಲ ಕಣ್ರೋ, ನೀವು ಕೊಟ್ಟ ಮಾತು!"

ಅಷ್ಟರಲ್ಲಿ ಮಣ್ಣಿನ ದೊಡ್ಡ ಹೆಂಟೆಯೊಂದು ಕುಸಿದು ಬಿತ್ತು. ಆ ಸದ್ದಿಗೆ ಪಡುವಣ ಕೇರಿಯ ಯಜಮಾನ ಬೆದರಿ ಮಾತು ಕೊಟ್ಟ. ಗಂಟು ಬಿತ್ತು. ಬಾವಿಯಲ್ಲಿದ್ದವನು ಭುಜ ಜಜ್ಜಿಸಿಕೊಂಡು ಮೇಲೆ ಬಂದಾಗ ಮೂಡಣ ಕೇರಿಯವರು ತಮ್ಮ ಯಜಮಾನನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದರು. ಹೂಳು ತೆಗೆದವನು ಭುಜ ಹಿಡಿದುಕೊಂಡು ಮನೆಗೆ ಹೋದ.

ಮುಂದಿನ ಬೇಸಿಗೆಯ ಹೊತ್ತಿಗೆ ಬಾವಿಯಲ್ಲಿ ಮತ್ತೆ ಹೂಳು ತುಂಬಿತು. ಇಬ್ಬರು ಯಜಮಾನರೂ ಜೊತೆಯಾಗಿ ಅವನ ಬಾಗಿಲಿಗೆ ಹೋಗಿ, ಎರಡರಷ್ಟು ಕೂಲಿ ಕೊಡುತ್ತೇವೆ ಎಂದರು.

"ಅದಕ್ಕೇನು, ಬರ್ತೀನಿ," ಎಂದ ಅವನು. "ಈ ಸಲ ನೀವಿಬ್ರೂ ಇಳೀರಿ. ಹಗ್ಗ ನಾನು ಹಿಡ್ಕೋತೀನಿ."

ಇಬ್ಬರೂ ಬಂದ ದಾರಿ ಹಿಡಿದರು. ಸುತ್ತಲ ಊರುಗಳಲ್ಲಿ ಹುಡುಕಿದರು. ಸುದ್ದಿ ಅವರಿಗಿಂತ ಮೊದಲೇ ಅಲ್ಲಿಗೆಲ್ಲ ಹೋಗಿತ್ತು. ಎಷ್ಟು ಕೊಟ್ಟರೂ ಒಬ್ಬನೂ ಬರಲಿಲ್ಲ. ಆ ಬಾವಿಯಲ್ಲಿ ಈಗ ಮುಂಜಾನೆಯೂ ನೀರಿಲ್ಲ, ಸಂಜೆಯೂ ನೀರಿಲ್ಲ.

ಶಿಷ್ಯ ಕೇಳಿದ: "ಹಾಗಾದರೆ ಆ ಇಬ್ಬರಲ್ಲಿ ಕೊನೆಗೆ ಗೆದ್ದವರು ಯಾರು?"

ಗುರುಗಳು ಹೇಳಿದರು: "ಕತೆ ಮುಗಿಯಿತು, ನೀನೂ ಬಾವಿಯೊಳಗೆ ಬಗ್ಗಿ ನೋಡಲಿಲ್ಲ."